ಅಡುಗೆಮನೆಯಿಂದಲೇ ಇಂಗ್ಲಿಷ್ ಕಲಿಯಬಹುದು

ಮಗಳು ಶಾಲೆಯ ಡೈರಿಯನ್ನು ಮುಂದಿಟ್ಟು, "ಉಮ್ಮಾ, ಇಲ್ಲೊಂದು ಸೈನ್ ಹಾಕು" ಎಂದಾಗ ನಾನು ಪತ್ತಿರ್ ಕಾಯಿಸುತ್ತಿದ್ದೆ. ಕೈಗೆ ಹಿಟ್ಟು ಮೆತ್ತಿಕೊಂಡಿತ್ತು. ಡೈರಿಯಲ್ಲಿ ಇಂಗ್ಲಿಷಿನ ಮೂರು ಸಾಲುಗಳಿದ್ದವು. ಏಳನೆಯ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದ ಅವಳು ಆ ವರ್ಷವಷ್ಟೇ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ್ದಳು. "ಏನು ಬರೆದಿದ್ದಾರೆ?" ಎಂದು ಕೇಳಿದೆ. "ಏನೋ ವಾರ್ಡ್ ಅಂತ ಇದೆ" ಎಂದಳು. ವಾರ್ಡ್ ಎಂದರೆ ನನಗೆ ಗೊತ್ತಿದ್ದುದು ಎರಡೇ. ಒಂದು ಆಸ್ಪತ್ರೆಯದ್ದು, ಇನ್ನೊಂದು ಪಂಚಾಯತ್ ಚುನಾವಣೆಯದ್ದು. ನಮ್ಮ ವಾರ್ಡಿನ ಹೆಸರೇನೋ ಕೇಳಿರಬೇಕೆಂದುಕೊಂಡು ಸಹಿ ಹಾಕಿ ಕೊಟ್ಟೆ.

ತಿಂಗಳ ಬಳಿಕ ವಿಷಯ ತಿಳಿಯಿತು. ವಿದ್ಯಾರ್ಥಿವೇತನ ನವೀಕರಿಸಲು ಆದಾಯ ಪ್ರಮಾಣಪತ್ರವನ್ನು ಶುಕ್ರವಾರದೊಳಗೆ ಕಳುಹಿಸಿ ಎಂದು ಆ ಮೂರು ಸಾಲುಗಳಲ್ಲಿತ್ತು. 'ಯುವರ್ ವಾರ್ಡ್' ಎಂದರೆ ನಿಮ್ಮ ಪೋಷಣೆಯಲ್ಲಿರುವ ಮಗು, ಅಂದರೆ ನನ್ನ ಮಗಳೇ! ಆ ವರ್ಷದ ವಿದ್ಯಾರ್ಥಿವೇತನ ಹೋಯಿತು. ಹಣ ಹೋದುದಕ್ಕಿಂತ, "ಓದಿದ್ದೇವೆ" ಎಂಬುದಕ್ಕೆ ನಾನೇ ಸಹಿ ಹಾಕಿದ್ದೆನಲ್ಲ ಎಂಬುದೇ ಹೆಚ್ಚು ಚುಚ್ಚಿತು.

ಮೂಡಿಗೆರೆ, ಕಳಸ, ಬಾಳೆಹೊನ್ನೂರಿನ ಕಾಫಿ ತೋಟಗಳ ನಡುವೆ ಬದುಕುವ ಅನೇಕ ತಾಯಂದಿರ ಕಥೆಯಿದು. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಕಲಿಸಲು ಆರಂಭವಾದುದು 2007-08ರಲ್ಲಿ. ಅದಕ್ಕಿಂತ ಮೊದಲು ಓದಿದ ನಮಗೆ ಎಬಿಸಿಡಿ ಸಿಕ್ಕಿದ್ದು ಐದನೆಯ ತರಗತಿಯಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ರಜೆಯ ಅರ್ಜಿ, ಹಸುವಿನ ಮೇಲೊಂದು ಪ್ರಬಂಧ ಬಾಯಿಪಾಠ ಮಾಡಿ ಪಾಸಾದೆವು. ಮಾರನೆಯ ದಿನವೇ ಮರೆತೆವು. ಈಗ ಮಕ್ಕಳ ಶಾಲೆಯ ಚೀಟಿ, ಬ್ಯಾಂಕಿನ ಫಾರಂ, ಔಷಧಿಯ ಬಾಟಲಿ ಎಲ್ಲವೂ ನಮ್ಮೊಡನೆ ಇಂಗ್ಲಿಷಿನಲ್ಲೇ ಮಾತಾಡುತ್ತವೆ. ನಾವು ಮಾತ್ರ ಸುಮ್ಮನೆ ತಲೆಯಾಡಿಸುತ್ತೇವೆ.

ಆ ವರ್ಷ ನಾನು ಮಗಳ ಜೊತೆ ಕುಳಿತು ಇಂಗ್ಲಿಷ್ ಕಲಿಯಲು ಶುರು ಮಾಡಿದೆ. ನಾನೇನೂ ಪಂಡಿತೆಯಾಗಿಲ್ಲ. ಆದರೆ ಡೈರಿ ಓದಬಲ್ಲೆ, ಉತ್ತರ ಬರೆಯಬಲ್ಲೆ, ಡಾಕ್ಟರೊಡನೆ ನಾಲ್ಕು ಮಾತಾಡಬಲ್ಲೆ. ಹೇಗೆಂದು ಕೇಳುವ ಸಹೋದರಿಯರಿಗಾಗಿ ಈ ಬರಹ.

ನಿಮಗೆ ಭಾಷೆ ಕಲಿಯಲು ಬರುತ್ತದೆ

ಮೊದಲು ಒಂದು ಲೆಕ್ಕ ಹಾಕಿ ನೋಡಿ. ನಿಮಗೆ ಎಷ್ಟು ಭಾಷೆ ಬರುತ್ತದೆ? ನಮ್ಮ ಮನೆಯ ಮಾತು ಬ್ಯಾರಿ. ಪಕ್ಕದ ಮನೆಯ ಆಪಾ ಉರ್ದು ಮಾತಾಡುತ್ತಾರೆ. ತೋಟದ ಲೈನ್‌ನಲ್ಲಿ ತಮಿಳೂ ತುಳುವೂ ಇದೆ. ಅಂಗಡಿಯಲ್ಲಿ ಕನ್ನಡ, ಕೇರಳದ ನೆಂಟರು ಬಂದರೆ ಮಲಯಾಳ. ಶಾಲೆಯ ಮೆಟ್ಟಿಲೇ ಹತ್ತದ ನನ್ನ ಅತ್ತೆ ಇವುಗಳಲ್ಲಿ ನಾಲ್ಕನ್ನು ಸರಾಗವಾಗಿ ಆಡುತ್ತಾರೆ. ಅವರಿಗೆ ವ್ಯಾಕರಣ ಕಲಿಸಿದವರು ಯಾರು? ಯಾರೂ ಇಲ್ಲ. ಕೇಳಿದರು, ತಪ್ಪುತಪ್ಪಾಗಿ ಆಡಿದರು, ಜನ ನಕ್ಕರು, ಮತ್ತೆ ಆಡಿದರು. ಹೀಗೆ ಕಲಿತವರು ನಾವು. ಇಂಗ್ಲಿಷ್ ಎಂದ ಕೂಡಲೇ ಆ ದಾರಿಯನ್ನು ಬಿಟ್ಟು ನಿಯಮ ಬಾಯಿಪಾಠ ಮಾಡಲು ಹೊರಡುತ್ತೇವೆ. ಸೋಲುವುದು ಅಲ್ಲೇ.

ಇಸ್ಲಾಮೀ ಇತಿಹಾಸದಲ್ಲೂ ಭಾಷಾ ಕಲಿಕೆಗೆ ಸುಂದರ ಉದಾಹರಣೆಯಿದೆ. ಪ್ರವಾದಿಯವರ(ಸ) ಸೂಚನೆಯಂತೆ ಝೈದ್ ಬಿನ್ ಸಾಬಿತ್(ರ) ಯಹೂದಿಯರ ಲಿಪಿಯನ್ನು ಸುಮಾರು ಹದಿನೈದು ದಿನಗಳಲ್ಲಿ ಕಲಿತರೆಂದು ಹದೀಸ್‌ನಲ್ಲಿ ವರದಿಯಾಗಿದೆ. ಕಾರಣವೂ ಸ್ಪಷ್ಟವಿತ್ತು. ಬಂದ ಪತ್ರವನ್ನು ಓದಿ ಉತ್ತರ ಬರೆಯುವವರು ನಮ್ಮವರೇ ಆಗಿರಬೇಕು ಎಂಬುದು. ನನ್ನ ಡೈರಿಯ ಕಥೆಯೂ ಅದೇ ಅಲ್ಲವೇ?

ನಮ್ಮ ಕೈಯಲ್ಲಿರುವ ಇನ್ನೊಂದು ಬಂಡವಾಳವನ್ನು ನಾವು ಗಮನಿಸುವುದೇ ಇಲ್ಲ. ತಜ್ವೀದ್ ಪ್ರಕಾರ ಕುರ್‌ಆನ್ ಓದಲು ಕಲಿತವರಿಗೆ ಕನ್ನಡದಲ್ಲಿಲ್ಲದ ಕೆಲವು ಸ್ವರಗಳು ನಾಲಿಗೆಗೆ ಬರುತ್ತವೆ. ನಾಲಿಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ಗಾಳಿ ಬಿಡುವ 'ಸಾ' ಅಕ್ಷರವನ್ನು ನೆನಪಿಸಿಕೊಳ್ಳಿ, ಅಲಿಫ್, ಬಾ, ತಾ ಆದ ಮೇಲೆ ಬರುತ್ತದಲ್ಲ, ಅದು. ಇಂಗ್ಲಿಷಿನ 'ಥಿಂಕ್', 'ತ್ರೀ' ಪದಗಳ ಮೊದಲ ಸ್ವರ ಅದೇ. 'ಝಾಲ್' ಅಕ್ಷರದ ಉಚ್ಚಾರ 'ದಿಸ್', 'ಮದರ್' ಪದಗಳಲ್ಲಿದೆ. 'ಫಾ' ಮತ್ತು 'ಝಾ' ಸರಿಯಾಗಿ ಹೇಳುವವರು 'ಫ್ಯಾನ್' ಅನ್ನು 'ಪ್ಯಾನ್' ಎನ್ನಲಾರರು, 'ಝೀರೋ' ಅನ್ನು 'ಜೀರೋ' ಎನ್ನಲಾರರು. ಉಸ್ತಾದರ ಮುಂದೆ ಕುಳಿತು, ಕೇಳಿ, ಹಿಂದೆಯೇ ಜೋರಾಗಿ ಹೇಳಿ ಕಲಿತ ಆ ವಿಧಾನವಿದೆಯಲ್ಲ, ಇಂಗ್ಲಿಷಿಗೂ ಅದಕ್ಕಿಂತ ಒಳ್ಳೆಯ ವಿಧಾನವಿಲ್ಲ.

ಅರಿವಿಲ್ಲದೆ ಬಂದ ಪದಗಳು

ಪದಗಳೂ ನಮಗೆ ಪೂರ್ತಿ ಹೊಸವಲ್ಲ. ನಮ್ಮ ಬೆಟ್ಟಗಳನ್ನು ಹಸಿರಾಗಿಸಿದ ಕಾಫಿಯನ್ನೇ ತೆಗೆದುಕೊಳ್ಳಿ. ಬಾಬಾ ಬುಡನ್‌ರವರು ಯೆಮನ್‌ನಿಂದ ಏಳು ಬೀಜ ತಂದರೆಂಬ ಪ್ರತೀತಿ ಚಿಕ್ಕಮಗಳೂರಿನ ಪ್ರತಿ ಮಗುವಿಗೂ ಗೊತ್ತು. ಬೀಜದಂತೆ ಹೆಸರೂ ಪ್ರಯಾಣ ಮಾಡಿದೆ. ಅರಬಿಯ 'ಕಹ್ವಾ' ತುರ್ಕಿಯಲ್ಲಿ 'ಕಹ್ವೆ' ಆಗಿ, ಯುರೋಪಿಗೆ ಹೋಗಿ 'ಕಾಫಿ' ಆಯಿತು. ಯೆಮನ್‌ನ ಮೋಖಾ ಬಂದರಿನ ಹೆಸರೇ ಇಂದು ಕಾಫಿ ಅಂಗಡಿಗಳಲ್ಲಿ 'ಮೋಕಾ' ಆಗಿದೆ. ಇಂಗ್ಲಿಷಿನ 'ಕಾಟನ್' ಅರಬಿಯ 'ಕುತ್ನ್'. 'ಶುಗರ್' ಎಂದರೆ 'ಸುಕ್ಕರ್'. 'ಸಿರಪ್' ಬಂದುದು ಪಾನೀಯ ಎಂಬ ಅರ್ಥದ 'ಶರಾಬ್'ನಿಂದ. 'ಸೋಫಾ' ಪದದ ಮೂಲ 'ಸುಫ್ಫಾ'. ಇನ್ನು 'ಮ್ಯಾಗಝಿನ್'? ಉಗ್ರಾಣಗಳು ಎಂಬ ಅರ್ಥದ ಅರಬಿ ಪದ 'ಮಖಾಝಿನ್'. ನೀವು ಕೈಯಲ್ಲಿ ಹಿಡಿದಿರುವುದೂ ಒಂದು ಉಗ್ರಾಣವೇ!

ತೋಟದಲ್ಲಿ ನಾವು ಆಡುವ ಮಾತನ್ನೂ ಕೇಳಿ ನೋಡಿ. ಎಸ್ಟೇಟ್, ಬಂಗ್ಲೆ, ಲೈನ್, ಪಲ್ಪರ್, ಚೆರ್ರಿ, ಪಾರ್ಚ್‌ಮೆಂಟ್, ಸ್ಪ್ರೇಯರ್, ಬೋರರ್. ಇಂಗ್ಲಿಷ್ ಓದದ ಕೂಲಿಯಾಳಿನ ಬಾಯಲ್ಲೂ ಇವೆಲ್ಲ ಇವೆ. ಇವುಗಳಿಂದಲೇ ಪಾಠ ಶುರು ಮಾಡಬಹುದು. 'ಪಲ್ಪ್' ಮಾಡುವುದು ಪಲ್ಪರ್, 'ಸ್ಪ್ರೇ' ಮಾಡುವುದು ಸ್ಪ್ರೇಯರ್, 'ಬೋರ್' ಅಂದರೆ ಕೊರೆಯುವ ಹುಳ ಬೋರರ್, 'ಟೀಚ್' ಮಾಡುವವರು ಟೀಚರ್. ಕೆಲಸದ ಪದದ ಕೊನೆಗೆ 'ಅರ್' ಸೇರಿಸಿದರೆ ಮಾಡುವವರ ಹೆಸರು. ಒಂದು ಸೂತ್ರದಿಂದ ಹತ್ತಾರು ಪದ ಸಿಕ್ಕಿದವು. ಆದರೆ ಎಚ್ಚರ! 'ಕುಕ್' ಎಂದರೆ ಅಡುಗೆ ಮಾಡುವುದು, ಅಡುಗೆ ಮಾಡುವವರೂ 'ಕುಕ್'. 'ಕುಕರ್' ಎಂದರೆ ಸೀಟಿ ಹೊಡೆಯುವ ಪಾತ್ರೆ. 'ಮೈ ಮದರ್ ಈಸ್ ಎ ಗುಡ್ ಕುಕರ್' ಎಂದು ಮಗ ಬರೆದರೆ ತಾಯಿ ಒಲೆಯ ಮೇಲೆ ಕೂರಬೇಕಾದೀತು.

ತೋಟದ ಅರ್ಥವೇ ಹೊರಗಿನ ಅರ್ಥವಲ್ಲ ಎಂಬುದೂ ನೆನಪಿರಲಿ. ನನ್ನ ಯಜಮಾನರು ಎಸ್ಟೇಟಿನ ರೈಟರ್. ಹಾಜರಿ, ಕೂಲಿಯ ಲೆಕ್ಕ ಬರೆಯುವುದು ಅವರ ಕೆಲಸ. ಮಗಳು ಮುಂದೆ ಚಾರ್ಮಾಡಿ ಇಳಿದು ಮಂಗಳೂರಿಗೆ ಪಿಯುಸಿಗೆ ಹೋದಾಗ ಫಾರಂನಲ್ಲಿ ತಂದೆಯ ಉದ್ಯೋಗ 'ರೈಟರ್' ಎಂದು ಬರೆದಳು. ಅಲ್ಲಿನ ಮೇಡಂ ಸಂತೋಷದಿಂದ, "ನಿನ್ನ ತಂದೆ ಯಾವ ಯಾವ ಪುಸ್ತಕ ಬರೆದಿದ್ದಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರಂತೆ. ಹೊರಗಿನವರಿಗೆ ರೈಟರ್ ಎಂದರೆ ಸಾಹಿತಿ. ನಮ್ಮ ರೈಟರನ್ನು 'ಎಸ್ಟೇಟ್ ಕ್ಲರ್ಕ್' ಎಂದರೆ ಅವರಿಗೆ ಅರ್ಥವಾಗುತ್ತದೆ. ಮಗಳು ನಗುತ್ತಲೇ ಅದನ್ನು ವಿವರಿಸಿ ಬಂದಳು. ಎಂಟನೆಯ ತರಗತಿಯ ಹುಡುಗಿಯಾಗಿದ್ದರೆ ಅತ್ತುಕೊಂಡು ಬರುತ್ತಿದ್ದಳು.

ಕನ್ನಡದ ನಾಲಿಗೆ ಎಡವುವ ಜಾಗಗಳು

ವ್ಯಾಕರಣ ಬೇಡವೇ? ಬೇಕು. ಆದರೆ ಇಡೀ ಪುಸ್ತಕ ಬೇಡ. ನಮ್ಮ ಭಾಷೆಗೂ ಇಂಗ್ಲಿಷಿಗೂ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಮಾತ್ರ ನಾವು ಎಡವುತ್ತೇವೆ. ಆ ಕಲ್ಲುಗಳನ್ನು ಗುರುತಿಟ್ಟುಕೊಂಡರೆ ಅರ್ಧ ದಾರಿ ಕ್ರಮಿಸಿದಂತೆ.

ಒಂದು, ಪದಗಳ ಸಾಲು. 'ನಾನು ಕಾಫಿ ಕುಡಿದೆ' ಎಂಬಲ್ಲಿ ಕೆಲಸ ಕೊನೆಗೆ ಬರುತ್ತದೆ. 'ಐ ಡ್ರ್ಯಾಂಕ್ ಕಾಫಿ' ಎಂಬಲ್ಲಿ ನಡುವೆ ಬರುತ್ತದೆ. ಕನ್ನಡದಲ್ಲಿ 'ಹುಡುಗನನ್ನು ನಾಯಿ ಕಚ್ಚಿತು' ಎಂದರೂ 'ನಾಯಿ ಹುಡುಗನನ್ನು ಕಚ್ಚಿತು' ಎಂದರೂ ಒಂದೇ. 'ಅನ್ನು' ಎಂಬ ಪ್ರತ್ಯಯ ನಮ್ಮನ್ನು ಕಾಪಾಡುತ್ತದೆ. ಇಂಗ್ಲಿಷಿನಲ್ಲಿ ಆ ಪ್ರತ್ಯಯವಿಲ್ಲ. 'ದ ಬಾಯ್ ಬಿಟ್ ದ ಡಾಗ್' ಎಂದರೆ ಹುಡುಗನೇ ನಾಯಿಯನ್ನು ಕಚ್ಚಿದಂತೆ. ಮದುವೆ ಮನೆಯ ಪಂಕ್ತಿಯಂತೆ ಪ್ರತಿಯೊಬ್ಬರೂ ತಮ್ಮ ಜಾಗದಲ್ಲೇ ಕೂರಬೇಕು.

ಎರಡು, 'ನನಗೆ'. ನನಗೆ ಹಸಿವು, ನನಗೆ ಜ್ವರ, ನನಗೆ ಗೊತ್ತು, ನನಗೆ ಇಬ್ಬರು ಮಕ್ಕಳು ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇವೆಲ್ಲವೂ 'ಐ' ಇಂದ ಶುರುವಾಗುತ್ತವೆ. 'ಐ ಆಮ್ ಹಂಗ್ರಿ', 'ಐ ಹ್ಯಾವ್ ಎ ಫೀವರ್', 'ಐ ನೋ', 'ಐ ಹ್ಯಾವ್ ಟೂ ಚಿಲ್ಡ್ರನ್'. ಇಲ್ಲಿ 'ಐ ಆಮ್ ಹ್ಯಾವಿಂಗ್', 'ಐ ಆಮ್ ನೋಯಿಂಗ್' ಎಂದು ಎಳೆಯಬೇಡಿ.

ಮೂರು, ಕಾಣದ 'ಈಸ್'. 'ಅವಳು ಟೀಚರ್' ಎಂದರೆ ಕನ್ನಡದಲ್ಲಿ ವಾಕ್ಯ ಮುಗಿಯಿತು. ಅರಬಿಯಲ್ಲೂ ಹಾಗೆಯೇ, 'ಅಲ್ಲಾಹು ಅಕ್ಬರ್' ಎಂಬಲ್ಲಿ 'ಆಗಿದ್ದಾನೆ' ಎಂಬುದಕ್ಕೆ ಬೇರೆ ಪದವಿಲ್ಲ. ಇಂಗ್ಲಿಷಿಗೆ ಮಾತ್ರ ಆ ಕೊಂಡಿ ಬೇಕೇ ಬೇಕು. 'ಶಿ ಈಸ್ ಎ ಟೀಚರ್'. ಜೊತೆಗೆ ಒಂದು 'ಎ' ಕೂಡಾ. ಮುಂದಿನ ಪದ ಸ್ವರದ ಉಚ್ಚಾರದಿಂದ ಶುರುವಾದರೆ 'ಆ್ಯನ್'. ಬರೆಯುವ ಅಕ್ಷರವಲ್ಲ, ಕೇಳುವ ಸ್ವರ ಮುಖ್ಯ. ಆದ್ದರಿಂದಲೇ 'ಆ್ಯನ್ ಅವರ್', ಆದರೆ 'ಎ ಯುನಿವರ್ಸಿಟಿ'.

ನಾಲ್ಕು, ಮಳೆ. ನಮ್ಮ ಮಲೆನಾಡಿನಲ್ಲಿ ಮಳೆ 'ಬರುತ್ತದೆ'. ಇಂಗ್ಲಿಷಿನಲ್ಲಿ 'ಇಟ್ ಈಸ್ ರೇನಿಂಗ್'. ಯಾವ 'ಇಟ್' ಎಂದು ಕೇಳಬೇಡಿ, ಖಾಲಿ ಕುರ್ಚಿ ಬಿಡಬಾರದೆಂದು ಕೂರಿಸಿದ ಪದ ಅದು. 'ಇಟ್ ಈಸ್ ಕೋಲ್ಡ್', 'ಇಟ್ ಈಸ್ ಲೇಟ್' ಎಂಬಲ್ಲೂ ಅದೇ.

ಐದು, 'ಇಂದ'. ಮೂರು ದಿನದಿಂದ ಜ್ವರ, ಸೋಮವಾರದಿಂದ ಜ್ವರ ಎಂದು ಎರಡಕ್ಕೂ ನಾವು ಒಂದೇ 'ಇಂದ' ಬಳಸುತ್ತೇವೆ. ಇಂಗ್ಲಿಷಿನಲ್ಲಿ ಎಷ್ಟು ಕಾಲ ಎಂಬುದಕ್ಕೆ 'ಫಾರ್', ಯಾವಾಗ ಶುರುವಾಯಿತು ಎಂಬುದಕ್ಕೆ 'ಸಿನ್ಸ್'. 'ಫಾರ್ ತ್ರೀ ಡೇಸ್', 'ಸಿನ್ಸ್ ಮಂಡೇ'. ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಹೋದಾಗ ಉಪಯೋಗಕ್ಕೆ ಬರುವ ವ್ಯಾಕರಣವಿದು.

ಆರು, ಪ್ರಶ್ನೆ. 'ಡಿಡ್' ಬಂದರೆ ಭೂತಕಾಲದ ಭಾರವನ್ನು ಅದೇ ಹೊರುತ್ತದೆ, ಮುಖ್ಯ ಪದ ಹಗುರಾಗುತ್ತದೆ. 'ಡಿಡ್ ಯು ಈಟ್?' ಸರಿ. 'ಡಿಡ್ ಯು ಏಟ್?' ತಪ್ಪು. ಎರಡು ಸಲ ಉಪ್ಪು ಹಾಕಿದ ಸಾರು ಅದು.

ಹೆದರಿಸುವ ಕಾಲಗಳ ವಿಷಯಕ್ಕೆ ಬಂದರೆ ಕನ್ನಡವೇ ನಮ್ಮ ನೆರವಿಗಿದೆ. ಬಂದೆ 'ಐ ಕೇಮ್', ಬಂದಿದ್ದೇನೆ 'ಐ ಹ್ಯಾವ್ ಕಮ್', ಬಂದಿದ್ದೆ 'ಐ ಹ್ಯಾಡ್ ಕಮ್', ಬರುತ್ತಿದ್ದೇನೆ 'ಐ ಆಮ್ ಕಮಿಂಗ್', ಬರುತ್ತಿದ್ದೆ 'ಐ ವಾಸ್ ಕಮಿಂಗ್'. ಒಂದೊಂದಕ್ಕೂ ಜೋಡಿ ಇದೆ. ನಿನ್ನೆ, ಕಳೆದ ವಾರ ಎಂದು ದಿನ ಹೇಳಿದರೆ ಮಾತ್ರ 'ಹ್ಯಾವ್' ಬಿಟ್ಟುಬಿಡಿ. 'ಐ ಕೇಮ್ ಎಸ್ಟರ್‌ಡೇ' ಎಂದರೆ ಸಾಕು. ಇನ್ನೊಂದು ಸಮಾಧಾನ. ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾಳೆ, ಹೋಗುತ್ತಾನೆ, ಹೋಗುತ್ತಾರೆ ಎಂದು ಕನ್ನಡದಲ್ಲಿ ಎಷ್ಟೊಂದು ರೂಪಗಳು! ಇಂಗ್ಲಿಷಿನಲ್ಲಿ 'ಗೋ' ಮತ್ತು 'ಗೋಸ್' ಎರಡೇ. ಅವನು, ಅವಳು, ಅದು ಒಬ್ಬರೇ ಆಗಿದ್ದರೆ 'ಗೋಸ್'. ಕಷ್ಟದ ಭಾಷೆ ಯಾವುದು, ನೀವೇ ಹೇಳಿ.

ಪದಗಳನ್ನು ಉಳಿಸಿಕೊಳ್ಳುವುದು ಹೇಗೆ?

"ಇಂದು ಕಲಿತರೆ ನಾಳೆ ಮರೆಯುತ್ತದೆ, ವಯಸ್ಸಾಯಿತು" ಎಂದು ಪಕ್ಕದ ಆಪಾ ಹೇಳುತ್ತಿದ್ದರು. ಮರೆವು ವಯಸ್ಸಿನದ್ದಲ್ಲ, ಮನಸ್ಸಿನ ಸ್ವಭಾವ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬವರು ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಲೆಕ್ಕವಿಟ್ಟು 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ದಿನವೇ ಹೆಚ್ಚಿನದು ಮರೆತುಹೋಗುತ್ತದೆ, ಬಿಡುವು ಕೊಟ್ಟು ಮತ್ತೆ ಮತ್ತೆ ನೋಡಿದರೆ ಉಳಿಯುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಆದ್ದರಿಂದ ಇಂದು ಕಲಿತ ಪದವನ್ನು ನಾಳೆ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಒಮ್ಮೊಮ್ಮೆ ನೋಡಿ. ಒಂದೇ ದಿನ ಐವತ್ತು ಪದ ಬರೆಯುವ ಬದಲು ದಿನಕ್ಕೆ ಐದು ಸಾಕು. ದಿನಕ್ಕೆ ಐದಾದರೆ ವರ್ಷಕ್ಕೆ 1825.

ಅಷ್ಟು ಸಾಕೇ? ಖಂಡಿತ. ಇಂಗ್ಲೆಂಡಿನ ಸಿ. ಕೆ. ಆಗ್ಡೆನ್ 1930ರಲ್ಲಿ ಕೇವಲ 850 ಪದಗಳ 'ಬೇಸಿಕ್ ಇಂಗ್ಲಿಷ್' ರೂಪಿಸಿದರು. ಇಂಗ್ಲಿಷ್ ಕಲಿಯುವವರಿಗಾಗಿ ವಾಯ್ಸ್ ಆಫ್ ಅಮೆರಿಕ ರೇಡಿಯೋ 1959ರಲ್ಲಿ ಆರಂಭಿಸಿದ ನಿಧಾನಗತಿಯ ವಾರ್ತೆಗಳಲ್ಲಿ ಬಳಸಿದ ಪದಗಳು ಸುಮಾರು 1500. ಜಗತ್ತಿನ ಸುದ್ದಿಗೇ 1500 ಪದ ಸಾಕಾದರೆ ಶಾಲೆಯ ಡೈರಿಗೆ ಎಷ್ಟು ಬೇಕು?

ಪದವನ್ನು ಒಂಟಿಯಾಗಿ ಬರೆಯಬೇಡಿ, ವಾಕ್ಯದೊಳಗೆ ಬರೆಯಿರಿ. 'ರೈಪ್ ಎಂದರೆ ಹಣ್ಣಾದ' ಎಂದು ಬರೆದರೆ ಮರೆಯುತ್ತದೆ. 'ದ ಬೆರೀಸ್ ಆರ್ ರೈಪ್' ಎಂದು ಬರೆದು, ಕಿಟಕಿಯಾಚೆ ಕೆಂಪಾದ ಕಾಫಿ ಹಣ್ಣು ನೋಡಿದರೆ ಮರೆಯುವುದಿಲ್ಲ. ನಿಘಂಟು ನೋಡುವ ಅಭ್ಯಾಸವೂ ಇರಲಿ. ಮಿಶನರಿಯಾಗಿ ಬಂದ ಜರ್ಮನಿಯ ರೆವರೆಂಡ್ ಕಿಟೆಲ್ ವರ್ಷಗಟ್ಟಲೆ ಒಂದೊಂದೇ ಪದ ಕೂಡಿಸಿ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಪರದೇಶದವರೊಬ್ಬರು ನಮ್ಮ ಭಾಷೆಯ ಸಾವಿರಾರು ಪದಗಳನ್ನು ಬರೆದಿಟ್ಟುಕೊಂಡರೆಂದರೆ ನಮಗೆ ದಿನಕ್ಕೆ ಐದು ಪದ ಹೆಚ್ಚಾಯಿತೇ? ಈಗಂತೂ ಮೊಬೈಲಿನಲ್ಲೇ ನಿಘಂಟು ಇದೆ, ಒತ್ತಿದರೆ ಉಚ್ಚಾರವನ್ನೂ ಹೇಳುತ್ತದೆ.

ನಮ್ಮ ಜಗಲಿಯ ತರಗತಿ

ನಾನು ಶುರು ಮಾಡಿದ್ದು ಅಡುಗೆಮನೆಯಲ್ಲಿ. ಪೊಟ್ಟಣಗಳನ್ನು ಓದಿದೆ. ಹಿಟ್ಟಿನ ಚೀಲದ ಮೇಲೆ 'ಸ್ಟೋರ್ ಇನ್ ಎ ಕೂಲ್, ಡ್ರೈ ಪ್ಲೇಸ್' ಎಂದಿತ್ತು. ಆದೇಶ ಕೊಡುವಾಗ ಕೆಲಸದ ಪದ ಮೊದಲು ಬರುತ್ತದೆ, 'ಅಲ್ಲಿ' ಎಂಬ ಅರ್ಥದ 'ಇನ್' ಜಾಗದ ಹಿಂದಲ್ಲ, ಮುಂದೆ ಬರುತ್ತದೆ, 'ಪ್ಲೇಸ್'ಗೆ 'ಎ' ಬೇಕು ಎಂದು ಒಂದೇ ಸಾಲಿನಿಂದ ಮೂರು ಪಾಠ ಸಿಕ್ಕಿತು. ಕೆಮ್ಮಿನ ಔಷಧಿಯ ಮೇಲೆ 'ಶೇಕ್ ವೆಲ್ ಬಿಫೋರ್ ಯೂಸ್', 'ಕೀಪ್ ಔಟ್ ಆಫ್ ರೀಚ್ ಆಫ್ ಚಿಲ್ಡ್ರನ್' ಎಂದಿತ್ತು. ಎಷ್ಟೋ ವರ್ಷಗಳಿಂದ ಕುಲುಕದೆಯೇ ಕುಡಿಸುತ್ತಿದ್ದೆ. ಬಾಟಲಿಯನ್ನು ಮಕ್ಕಳ ಕೈಗೆಟಕುವ ಕಪಾಟಿನಲ್ಲೇ ಇಡುತ್ತಿದ್ದೆ. ಅಂದೇ ಮೇಲಕ್ಕೆ ಇಟ್ಟೆ.

ಮತ್ತೆ ಪಕ್ಕದ ಮನೆಯ ಆಪಾ, ಎದುರು ಮನೆಯ ಗೌಡರ ಸೊಸೆ ಸೇರಿಕೊಂಡರು. ಅಸರ್ ನಮಾಝ್‌ನ ಬಳಿಕ ಜಗಲಿಯಲ್ಲಿ ಅರ್ಧ ಗಂಟೆ. ಮಕ್ಕಳ ಒಂದನೆಯ ತರಗತಿಯ ಪಠ್ಯಪುಸ್ತಕದಿಂದ ಆರಂಭ. ನಿವೃತ್ತ ಟೀಚರೊಬ್ಬರು ವಾರಕ್ಕೊಮ್ಮೆ ಬಂದು ತಪ್ಪು ತಿದ್ದುತ್ತಿದ್ದರು. ಕ್ರಮ ಹೀಗಿತ್ತು:

ಮೊದಲ ಐದು ನಿಮಿಷ, ನಿನ್ನೆಯ ಐದು ಪದಗಳ ನೆನಪು.

ಮುಂದಿನ ಹತ್ತು ನಿಮಿಷ, ಒಬ್ಬರು ಜೋರಾಗಿ ಓದುವುದು, ಉಳಿದವರು ಹಿಂದೆ ಹೇಳುವುದು.

ಮತ್ತೆ ಹತ್ತು ನಿಮಿಷ, ಮಾತು. ಇಂದು ಮಾಡಿದ ಕೆಲಸಗಳ ಬಗ್ಗೆ ಮೂರು ವಾಕ್ಯ, ನಾಳೆ ಮಾಡುವ ಕೆಲಸದ ಬಗ್ಗೆ ಎರಡು ವಾಕ್ಯ.

ಕೊನೆಯ ಐದು ನಿಮಿಷ, ಅವೇ ವಾಕ್ಯಗಳನ್ನು ಪುಸ್ತಕದಲ್ಲಿ ಬರೆಯುವುದು.

ಮಾತಿಗೆ ವಿಷಯ ಹುಡುಕಬೇಕಾಗಲಿಲ್ಲ. ತೋಟವೇ ಕೊಟ್ಟಿತು. ಮಾರ್ಚ್‌ನಲ್ಲಿ ಹೂಮಳೆ ಬಿದ್ದರೆ 'ಇಟ್ ರೇನ್ಡ್ ಎಸ್ಟರ್‌ಡೇ. ದ ಕಾಫಿ ವಿಲ್ ಬ್ಲಾಸಮ್ ನೆಕ್ಸ್ಟ್ ವೀಕ್'. ಜುಲೈಯಲ್ಲಿ 'ಇಟ್ ಹ್ಯಾಸ್ ಬೀನ್ ರೇನಿಂಗ್ ಫಾರ್ ಟೆನ್ ಡೇಸ್. ದೇರ್ ಈಸ್ ನೋ ಕರೆಂಟ್'. ಡಿಸೆಂಬರ್‌ನಲ್ಲಿ ಹಣ್ಣು ಕೊಯ್ಲು ಶುರುವಾದರೆ 'ವಿ ಆರ್ ಪಿಕಿಂಗ್ ಕಾಫಿ'. ಕಣದಲ್ಲಿ ಹರಡಿದ ಮೇಲೆ 'ದ ಕಾಫಿ ಈಸ್ ಡ್ರೈಯಿಂಗ್ ಇನ್ ದ ಯಾರ್ಡ್'. ವರ್ಷ ಒಂದು ಸುತ್ತು ಬರುವಷ್ಟರಲ್ಲಿ ಭೂತ, ವರ್ತಮಾನ, ಭವಿಷ್ಯ ಎಲ್ಲವೂ ನಮ್ಮ ಜಗಲಿಯ ಮೇಲೆ ಬಂದು ಹೋದವು.

ಮಳೆಗಾಲದಲ್ಲಿ ತರಗತಿ ನಿಂತದ್ದೂ ಉಂಟು. ಕೊಯ್ಲಿನ ಸಮಯದಲ್ಲಿ ಗೌಡರ ಸೊಸೆಗೆ ಬಿಡುವೇ ಇರಲಿಲ್ಲ. ನಿಂತರೆ ಮತ್ತೆ ಶುರು ಮಾಡಿದೆವು. ನಿಂತದ್ದು ತಪ್ಪಲ್ಲ, ಮತ್ತೆ ಕೂರದಿರುವುದು ತಪ್ಪು.

ನಾಚಿಕೆ ಎಂಬ ಬಾಗಿಲು

ವ್ಯಾಕರಣಕ್ಕಿಂತ ದೊಡ್ಡ ಅಡ್ಡಿ ನಾಚಿಕೆ. ಮೊದಲ ಬಾರಿ 'ಐ ಗೋ ಎಸ್ಟರ್‌ಡೇ ಮಾರ್ಕೆಟ್' ಎಂದಾಗ ನನ್ನ ಸ್ವಂತ ಮಗನೇ ಬಿದ್ದು ಬಿದ್ದು ನಕ್ಕ. ನನಗೂ ಅಳು ಬಂತು. ಆಗ ಅತ್ತೆ ಒಳಗಿನಿಂದ, "ನೀನು ಮೊದಲು ನಡೆಯಲು ಕಲಿತಾಗ ಎಷ್ಟು ಸಲ ಬಿದ್ದೆ, ನಿನ್ನ ಉಮ್ಮ ನಕ್ಕಳಾ?" ಎಂದು ಗದರಿಸಿದರು. ಅವನು ಮರುದಿನದಿಂದ ತಿದ್ದತೊಡಗಿದ. ನಾನು ಕಲಿಯುವುದನ್ನು ನೋಡಿ ಮಕ್ಕಳೂ ಟಿ.ವಿ. ಆರಿಸಿ ಪುಸ್ತಕ ಹಿಡಿದು ಪಕ್ಕದಲ್ಲಿ ಕುಳಿತರು. 'ಓದು, ಓದು' ಎಂದು ನೂರು ಸಲ ಹೇಳಿದಾಗ ಆಗದ್ದು ತಾಯಿ ಪುಸ್ತಕ ಹಿಡಿದಾಗ ಆಯಿತು.

ಇದರ ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಲವು ಮನೆಗಳಲ್ಲಿ ಮಕ್ಕಳೊಡನೆ ಇಂಗ್ಲಿಷಿನಲ್ಲೇ ಮಾತಾಡಬೇಕೆಂದು ಮನೆಮಾತನ್ನೇ ನಿಲ್ಲಿಸುತ್ತಾರೆ. ಅಜ್ಜಿಯ ಮಾತು ಮೊಮ್ಮಗನಿಗೆ ಅರ್ಥವಾಗದಂತಾಗುತ್ತದೆ. ಇಂಗ್ಲಿಷ್ ಹೊಸದೊಂದು ಕೋಣೆ ಇರಬಹುದು, ಅದಕ್ಕಾಗಿ ಹಳೆಯ ಮನೆ ಕೆಡವಬೇಕಿಲ್ಲ. ಶಿವಮೊಗ್ಗದಲ್ಲಿ ಎಂಟು ವರ್ಷದ ಮುಸ್ಲಿಮ್ ಬಾಲಕಿಯೊಬ್ಬಳನ್ನು, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ ಕನ್ನಡ ಮಾಧ್ಯಮದ ಮಿಶನರಿ ಶಾಲೆಗೆ ಸೇರಿಸಿಕೊಳ್ಳಲಾಯಿತು. ಅವಳು ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಆ ಬಾಲಕಿಯೇ ಹಾಸನದ ಬಾನು ಮುಷ್ತಾಕ್. ಅವರು ಕನ್ನಡದಲ್ಲಿ ಬರೆದ ಕಥೆಗಳನ್ನು ಕೊಡಗಿನ ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದರು. 'ಹಾರ್ಟ್ ಲ್ಯಾಂಪ್' ಎಂಬ ಆ ಪುಸ್ತಕ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡದ ಕೃತಿಯೊಂದಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ನಮ್ಮ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ತೋಟದಲ್ಲಿದ್ದುಕೊಂಡೇ ಕೆನೆತ್ ಆಂಡರ್ಸನ್‌ರ ಇಂಗ್ಲಿಷ್ ಕಾಡಿನ ಕಥೆಗಳನ್ನು ಕನ್ನಡದ ಮನೆಮನೆಗೆ ತಲುಪಿಸಿದರು. ಎರಡೂ ದಡ ಗಟ್ಟಿಯಿದ್ದರೆ ಮಾತ್ರ ನಡುವೆ ಸೇತುವೆ ನಿಲ್ಲುತ್ತದೆ.

ಇಂದೇ ಆರಂಭಿಸಿ

ಮಗಳ ಹತ್ತನೆಯ ತರಗತಿಯಲ್ಲಿ ಮತ್ತೊಂದು ಚೀಟಿ ಬಂತು. ಈ ಬಾರಿ ಒಲೆ ಆರಿಸಿ, ಕೈ ತೊಳೆದು, ಕುಳಿತು ಓದಿದೆ. ಪ್ರಮಾಣಪತ್ರದ ನಕಲು ಬೇಕೆಂದಿದ್ದರು. ಕೆಳಗೆ ನಾನೇ ಬರೆದೆ: 'ಡಿಯರ್ ಮೇಡಂ, ಐ ಹ್ಯಾವ್ ರೆಡ್ ಯುವರ್ ನೋಟ್. ಐ ವಿಲ್ ಸೆಂಡ್ ದ ಸರ್ಟಿಫಿಕೇಟ್ ಆನ್ ಮಂಡೇ. ಥ್ಯಾಂಕ್ ಯು'. ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು. 'ಸರ್ಟಿಫಿಕೇಟ್'ನ ಅಕ್ಷರಗಳಲ್ಲಿ ಒಂದು ತಪ್ಪಿತ್ತು, ಮಗಳು ತಿದ್ದಿದಳು. ಆ ಬಳಿಕ ಸಹಿ ಹಾಕಿದೆ. ಮೊದಲ ಸಹಿಗೂ ಈ ಸಹಿಗೂ ಇದ್ದ ವ್ಯತ್ಯಾಸ ನನಗೆ ಮಾತ್ರ ಗೊತ್ತು.

ಸಹೋದರಿಯರೇ, ಇದಕ್ಕೆ ದುಬಾರಿ ಕೋರ್ಸ್ ಬೇಡ, ಪಟ್ಟಣಕ್ಕೆ ಹೋಗಬೇಕಾಗಿಲ್ಲ. ಮಗುವಿನ ಪಠ್ಯಪುಸ್ತಕ, ಹತ್ತು ರೂಪಾಯಿಯ ಒಂದು ನೋಟ್‌ಬುಕ್, ದಿನಕ್ಕೆ ಅರ್ಧ ಗಂಟೆ, ನಗುವವರನ್ನು ಸಹಿಸುವ ತಾಳ್ಮೆ, ಇಷ್ಟಿದ್ದರೆ ಸಾಕು. ಇಂದು ರಾತ್ರಿ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯ ಯಾವುದಾದರೂ ಒಂದು ಪೊಟ್ಟಣವನ್ನು ಕೈಗೆತ್ತಿಕೊಂಡು ಅದರ ಮೇಲಿನ ಒಂದು ಸಾಲನ್ನು ಜೋರಾಗಿ ಓದಿ. ಅರ್ಥವಾಗದ ಪದವಿದ್ದರೆ ಬರೆದಿಟ್ಟುಕೊಳ್ಳಿ. ನಾಳೆ ಮಗುವನ್ನು ಕೇಳಿ. ತಾಯಿಗೆ ಕಲಿಸಿಕೊಡುವಾಗ ಮಗುವಿನ ಮುಖದಲ್ಲಿ ಮೂಡುವ ಸಂತೋಷವನ್ನೊಮ್ಮೆ ನೋಡಿ.